ಗಲ್ಲ ಹಿಡಿದು ಕಲಿತ ಇಂಗ್ಲಿಷು

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಇಂಗ್ಲಿಷು ಬರುತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಅಪ್ಪ ಬೆಂಗಳೂರಿನ ದಂಡಿನಲ್ಲಿ ಬಿಳಿ ಸೋಜರುಗಳಿಗೆ, ಅಂದರೆ ಸಿಪಾಯಿಗಳಿಗೆ, ಕ್ಷೌರ ಮಾಡಿದವರು. ಆ ಸೋಜರುಗಳು ಹೊರಟುಹೋದ ಮೇಲೂ ಅವರ ಮಾತು ಅಪ್ಪನ ನಾಲಿಗೆಯಲ್ಲಿ ಉಳಿದಿತ್ತು. "ಪುಸ್ತಕದಿಂದಲ್ಲ ಕಣೋ, ಅವರ ಗಲ್ಲ ಹಿಡ್ಕೊಂಡೇ ಕಲ್ತಿದ್ದು," ಎಂದು ಮೀಸೆ ತಿರುವುತ್ತಿದ್ದರು. ಅವರ ಕೈಗೆ ಸದಾ ಸಾಬೂನಿನ, ಪಟಿಕದ ವಾಸನೆ.

ಅಕ್ಕ ಹೈಸ್ಕೂಲು ಪಾಸಾದಳು. ದೊಡ್ಡ ಇಂಗ್ಲಿಷ್ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಟೀಚರ್ ಬೇಕಿತ್ತು. ಆ ಕೆಲಸ ಸಿಗದಿದ್ದರೆ ಅಕ್ಕ ಊದುಬತ್ತಿ ಹೊಸೆಯಲು ಹೋಗಬೇಕಿತ್ತು. ಹದಿನೈದು ದಿನ ಅಪ್ಪ ಗಿರಾಕಿಗಳನ್ನು ಕಾಯಿಸಿ ಅವಳಿಗೆ ಇಂಗ್ಲಿಷು ಕಲಿಸಿದರು. ಸೋಜರು ಮಾತು ಎಳೆದಲ್ಲಿ ಎಳೆದು, ಅವರು ಅಕ್ಷರ ನುಂಗಿದಲ್ಲಿ ನುಂಗಿ.

ಆ ಬೆಳಿಗ್ಗೆ ಅಕ್ಕ ಗಂಜಿ ಹಾಕಿದ ಸೀರೆ ಉಟ್ಟಿದ್ದಳು. ನಾನೂ ಅಪ್ಪನೂ ಜೊತೆಗೆ ಹೋದೆವು. ಶಾಲೆಯ ಕೋಣೆ ಮೇಣ ತಿಕ್ಕಿದ ಮೇಜುಗಳಿಂದ ಘಮ್ಮೆನ್ನುತ್ತಿತ್ತು. ಅಲ್ಲಿನ ದೊಡ್ಡ ಮೇಡಂ ಇಂಗ್ಲೆಂಡಿನವರು. ಅವರು ಕೇಳಿದ್ದಕ್ಕೆ ಅಕ್ಕ ತಡವರಿಸದೆ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ಮೇಡಂ ಕೈಯೆತ್ತಿ ನಿಲ್ಲಿಸಿ, ಪಕ್ಕದ ಕೋಣೆಯ ಟೀಚರುಗಳನ್ನು ಕರೆದು, ಇನ್ನೊಮ್ಮೆ ಹೇಳಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾಕೆಂದು ತಿಳಿಯದೆ ನಾನೂ ನಕ್ಕೆ. ಅಕ್ಕ ತಿರುಗಿ ನನ್ನನ್ನು ನೋಡಿದಳು.

"ಇದು ಸೋಜರ್ ಮಾತು. ನಮ್ಮ ಮಕ್ಕಳಿಗೆ ಬೇಡ," ಎಂದರು ಮೇಡಂ, ಅರೆಬರೆ ಕನ್ನಡದಲ್ಲಿ.

"ಅಮ್ಮಾವ್ರೇ, ಬಿಳಿಯೋರ ಬಾಯಿಂದ್ಲೇ ಕಲ್ತಿದ್ದು!" ಎಂದರು ಅಪ್ಪ.

"ಯಾವ ಬಿಳಿಯೋರು?"

ಬಾಯಿ ತೆರೆದರೆ ಸಾಕು, ದೊಡ್ಡ ಮನೆಯವರೋ ಕೂಲಿಯವರೋ ಎಂದು ಬಿಳಿಯರು ತಮ್ಮವರನ್ನೇ ಅಳೆಯುತ್ತಾರೆಂದು ಅಪ್ಪನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಲೇ ನಡೆದರು.

ಅಕ್ಕ ಊದುಬತ್ತಿ ಹೊಸೆದಳು. ಸಾಯುವವರೆಗೂ ಇಂಗ್ಲಿಷಿನ ಒಂದು ಮಾತೂ ಆಡಲಿಲ್ಲ. ನಾನು ಬೇಗನೆ ಶಾಲೆ ಬಿಟ್ಟು ಅಪ್ಪನ ಕತ್ತರಿ ಹಿಡಿದೆ. ನಾಚಿಕೆಯೇನಿಲ್ಲ, ನಿಮ್ಮಮ್ಮನನ್ನು ಓದಿಸಿದ್ದು ಆ ಕತ್ತರಿಯೇ.

ಈಗ ಅಮೆರಿಕದ ಸನ್ನಿವೇಲಿನ ಈ ಅಪಾರ್ಟ್‌ಮೆಂಟಿನಲ್ಲಿ ನಿಮ್ಮಮ್ಮನ ಇಂಗ್ಲಿಷು ನಮ್ಮ ಮುಂದೆ ಒಂದು ಥರ, ಆಫೀಸಿನ ಮೀಟಿಂಗು ಶುರುವಾದರೆ ಇನ್ನೊಂದು ಥರ. ನಿಮಗೆ ಆ ಕಷ್ಟವಿಲ್ಲ, ಇಲ್ಲೇ ಹುಟ್ಟಿದವರು. ನಿನ್ನೆ ಗ್ರೋಸರಿ ಅಂಗಡಿಯಲ್ಲಿ, ಹಾಲು ಎಲ್ಲಿದೆ ಎಂದು ನಾನು ಅಪ್ಪನ ಇಂಗ್ಲಿಷಿನಲ್ಲೇ ಕೇಳಿದೆ. ಕೌಂಟರಿನವನು ಮೂರು ಸಲ "ವಾಟ್?" ಎಂದ. "ತಾತಾ, ಸ್ಟಾಪ್! ಲೆಟ್ ಮಿ ಆಸ್ಕ್," ಎಂದು ನಿಮ್ಮಲ್ಲಿ ದೊಡ್ಡವಳು ಅಡ್ಡ ಬಂದಳು. ಅವನು ನಕ್ಕ. ನೀವಿಬ್ಬರೂ ನಕ್ಕಿರಿ.

ನಾನು ಬೈಯಲಿಲ್ಲ. ಆ ದಿನ ಅಕ್ಕನೂ ನನ್ನನ್ನು ಬೈದಿರಲಿಲ್ಲ.