ಒಬ್ಬ ಅಜ್ಜಿಗಷ್ಟೇ ಹೇಳಿದ ಪಾಠ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಆಗ ನಾನು ಹೊಳೆನರಸೀಪುರದಲ್ಲಿ ಹತ್ತು ಹಾಸಿಗೆಯ ನನ್ನದೇ ನರ್ಸಿಂಗ್ ಹೋಮ್ ನಡೆಸುತ್ತಿದ್ದೆ. ಹೆರಿಗೆ ಡಾಕ್ಟರಾಗಿ ಇಪ್ಪತ್ತೊಂದು ವರ್ಷ ಸವೆಸಿದ್ದೆ. ಕೌನ್ಸೆಲಿಂಗ್‌ನಲ್ಲಿ, ಅಂದರೆ ಗರ್ಭಿಣಿಗೆ ತಿಳಿಹೇಳುವುದರಲ್ಲಿ, ನನ್ನ ಸಮ ಯಾರಿಲ್ಲ ಎಂಬ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ. ಅವಳ ಜೊತೆಗೆ ಅತ್ತೆ ಬರದಿದ್ದರೆ ನಾನು ಚೀಟಿಯನ್ನೇ ಬರೆಯುತ್ತಿರಲಿಲ್ಲ. ಅಡುಗೆಮನೆಯ ಯಜಮಾನಿಯನ್ನು ಬಿಟ್ಟು ಬರೀ ಸೊಸೆಗೆ ಹೇಳಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಅನುಭವ ಕಲಿಸಿತ್ತು.

ಕಾವ್ಯ ಮೂರನೇ ತಿಂಗಳಲ್ಲಿ ಬಂದಳು. ಇಪ್ಪತ್ಮೂರು ವರ್ಷ, ಚೊಚ್ಚಲು. ಗಂಡನ ಮನೆ ನಮ್ಮೂರಿಗೆ ಆರು ಕಿಲೋಮೀಟರ್ ದೂರದ ಹಳ್ಳಿ, ತವರು ಚನ್ನರಾಯಪಟ್ಟಣದ ಕಡೆ. ಹಿಮೋಗ್ಲೋಬಿನ್ ಹನ್ನೊಂದಾದರೂ ಇರಬೇಕಾದ ಕಡೆ 8.4 ಇತ್ತು. ರಕ್ತ ಅಷ್ಟು ಕಡಿಮೆಯಿದ್ದರೂ ಅತ್ತೆ ಸಾಕಮ್ಮ ಕಬ್ಬಿಣದ ಮಾತ್ರೆಯನ್ನು ಮುಟ್ಟಗೊಡುತ್ತಿರಲಿಲ್ಲ.

"ಅದ್ ತಿಂದ್ರೆ ಕೂಸು ಕರ್ರಗಾಯ್ತದೆ ಕಣ್ರೀ ಡಾಕ್ಟ್ರಮ್ಮ," ಎಂದರು.

"ನಿಮ್ಮವ್ವ ಯಾವ ಮಾತ್ರೆ ನುಂಗಿದ್ದರು ಸಾಕಮ್ಮ?" ಎಂದೆ. ಅವರು ತಮ್ಮ ಕಪ್ಪು ತೋಳನ್ನೊಮ್ಮೆ ನೋಡಿಕೊಂಡು ನಕ್ಕುಬಿಟ್ಟರು. ಮಾತ್ರೆಯ ಜಗಳ ಅಲ್ಲಿಗೆ ಮುಗಿಯಿತು.

ಮೊದಲ ಹಾಲಿನ ಜಗಳ ಅಷ್ಟು ಸುಲಭದ್ದಾಗಿರಲಿಲ್ಲ. ಹೆರಿಗೆಯಾದ ಎರಡು ಮೂರು ದಿನ ತಾಯಿಗೆ ಬರುವ ಹಳದಿ, ಗಟ್ಟಿ ಹಾಲನ್ನು ನಾವು ಕೊಲೋಸ್ಟ್ರಮ್ ಎನ್ನುತ್ತೇವೆ. ಪ್ರಮಾಣ ಕಡಿಮೆ, ಆದರೆ ರೋಗ ತಡೆಯುವ ಶಕ್ತಿ ಅದರಲ್ಲಿದೆ. ಅದು ಕೆಟ್ಟ ಹಾಲು, ಹಿಂಡಿ ಚೆಲ್ಲಬೇಕು, ಅಲ್ಲಿಯವರೆಗೆ ಕೂಸಿಗೆ ಸಕ್ಕರೆ ನೀರು ಎಂಬುದು ಸಾಕಮ್ಮನ ಪಟ್ಟು. "ಹಸು ಕರು ಹಾಕಿದರೆ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತೀರಿ. ಇದು ನಿಮ್ಮ ಮೊಮ್ಮಗುವಿನ ಪಾಲಿನ ಗಿಣ್ಣು," ಎಂದೆ. ಮುಂದಿನ ತಿಂಗಳು ಅವರು ಪಕ್ಕದ ಮನೆಯ ಸೊಸೆಯನ್ನೂ ಕರೆತಂದು, ನನ್ನೆದುರೇ ಅವಳಿಗೆ ಗಿಣ್ಣಿನ ಪಾಠ ಒಪ್ಪಿಸಿದರು. ನನಗೆ ಹಿಗ್ಗೋ ಹಿಗ್ಗು.

ಏಳನೇ ತಿಂಗಳಿಗೆ ಹಿಮೋಗ್ಲೋಬಿನ್ 10.9ಕ್ಕೆ ಏರಿತು. ಸೀಮಂತ ಮುಗಿಸಿ ಕಾವ್ಯ ತವರಿಗೆ ಹೋದಳು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಅಲ್ಲಿನ ಡಾಕ್ಟರಿಗೊಂದು ಪತ್ರ ಬರೆದುಕೊಟ್ಟು ಕೆಲಸ ಮುಗಿಯಿತೆಂದುಕೊಂಡೆ.

ಚನ್ನರಾಯಪಟ್ಟಣದಲ್ಲಿ ಸಹಜ ಹೆರಿಗೆಯಾಯಿತು. ಹೆಣ್ಣು ಮಗು, ತೂಕ 2.8 ಕೆ.ಜಿ. ಎರಡನೇ ದಿನ ಮನೆಗೆ ಹೋದರು. ಐದನೇ ದಿನ ಮೊಮ್ಮಗುವನ್ನು ನೋಡಲು ಹೋದ ಸಾಕಮ್ಮ, ಮಧ್ಯಾಹ್ನ ಹನ್ನೆರಡಕ್ಕೆ ಅದನ್ನೆತ್ತಿಕೊಂಡು ನನ್ನ ರೋಗಿಗಳ ಸಾಲನ್ನು ಸೀಳಿ ಒಳಗೆ ಬಂದರು. ಹಿಂದೆ ಕಾವ್ಯ, ಅವಳ ತಾಯಿ ಜಯಮ್ಮ. ಜಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

ಮಗುವಿನ ನಾಲಿಗೆ ಒಣಗಿತ್ತು, ನೆತ್ತಿ ಗುಳಿ ಬಿದ್ದಿತ್ತು. ಅಳುವ ತ್ರಾಣವಿರಲಿಲ್ಲ. ಹಿಂದಿನ ದಿನದಿಂದ ಮೂತ್ರವಿಲ್ಲ. ತೂಕ 2.35. ಮೂರು ದಿನ ಹಾಲು ಹಿಂಡಿ ಚೆಲ್ಲಿ ಸಕ್ಕರೆ ನೀರು ಕುಡಿಸಿದ್ದರು. ಆಮೇಲೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು, ನಿತ್ರಾಣಗೊಂಡ ಮಗುವಿಗೆ ಚೀಪಲು ಆಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಐದು ದಿನದ ಬಾಣಂತಿಯ ಮೇಲೆ ರೇಗಿದೆ. ಅದಕ್ಕಾಗಿ ಇವತ್ತಿಗೂ ನಾಚಿಕೆಪಡುತ್ತೇನೆ.

"ನಂಗೆಲ್ಲಾ ಗೊತ್ತಿತ್ತು ಮೇಡಂ," ಎಂದಳು ಕಾವ್ಯ. "ಅವ್ವ ಬ್ಯಾಡ ಅಂದ್ಲು."

ಆಂಬುಲೆನ್ಸ್‌ನಲ್ಲಿ ಹಾಸನಕ್ಕೆ ಕರೆದೊಯ್ದೆವು. ನಾನೂ ಜೊತೆಗೆ ಹೋದೆ. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 145 ದಾಟಬಾರದು. ಮಗುವಿಗೆ 158 ಇತ್ತು. ಅದನ್ನು ಅವಸರದಲ್ಲಿ ಇಳಿಸಿದರೆ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಎರಡು ದಿನ ಏನೂ ಹೇಳಲಾಗದು ಎಂದರು ಮಕ್ಕಳ ಡಾಕ್ಟರು.

ಮರುದಿನ ಬೆಳಗ್ಗೆ ಮತ್ತೆ ಹೋದಾಗ ಸಾಕಮ್ಮ ವಾರ್ಡಿನ ಹೊರಗೆ ನಾಲ್ಕು ಜನರೆದುರು ಬೀಗಿತ್ತಿಯನ್ನು ಝಾಡಿಸುತ್ತಿದ್ದರು. "ನನ್ ಮೊಮ್ಮಗೀನ ಕೊಂದ್ಬುಡ್ತಿದ್ದಲ್ಲಮ್ಮ."

ಜಯಮ್ಮ ನನ್ನ ಕಡೆ ತಿರುಗಿದರು. "ನಾಕ್ ತಿಂಗ್ಳು ಬೀಗಿತ್ತೀಗೆ ಪಾಠ ಏಳುದ್ರಂತೆ. ನಂಗೊಂದ್ ಮಾತು ಏಳುದ್ರಾ? ನಮ್ಮವ್ವ ನಂಗೆ ಮಾಡಿದ್ನೇ ನಾನು ಮಗಳ್ಗೆ ಮಾಡ್ದೆ. ನಂಗೇನ್ ಕೂಸಿನ್ ಮ್ಯಾಲೆ ದ್ವೇಸಾನಾ?"

ಕೂಸು ಯಾರ ಕೈಗೆ ಬೀಳುತ್ತದೆಂದು ಗೊತ್ತಿದ್ದೂ ಆ ಹೆಂಗಸಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕ ಕೂತು, "ತಪ್ಪು ನನ್ನದು ಜಯಮ್ಮ," ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅಂಗಾರೆ ಈಗ್ಲಾರಾ ಏಳ್ಕೊಡಿ," ಎಂದರು.

ಹೇಳಿದೆ. ಗಿಣ್ಣಿನ ತಮಾಷೆ ಬಾಯಿಗೆ ಬರಲಿಲ್ಲ. ಎರಡು ಗಂಟೆಗೊಮ್ಮೆ ಕಾವ್ಯಳ ಹಾಲು ಹಿಂಡಿ, ನೀರಿನಲ್ಲಿ ಕುದಿಸಿ ತೆಗೆದ ಒಳಲೆಯಲ್ಲಿ, ಅಂದರೆ ಸಣ್ಣ ಮೂತಿಯ ಬಟ್ಟಲಿನಲ್ಲಿ, ಕುಡಿಸಬೇಕಿತ್ತು. ನರ್ಸುಗಳು ಒಂದು ಸಲ ಜಯಮ್ಮನ ಕೈಗೆ ಒಳಲೆ ಕೊಟ್ಟು ನೋಡಿದರು. ಹನಿ ಚೆಲ್ಲದಂತೆ, ನೆತ್ತಿಗೇರದಂತೆ ಕುಡಿಸುವುದರಲ್ಲಿ ಅವರನ್ನು ಮೀರಿಸುವವರು ಆ ವಾರ್ಡಿನಲ್ಲಿ ಇರಲಿಲ್ಲ. ಮೂರನೇ ದಿನ ನಾನು ಹೋದಾಗ ಒದ್ದೆ ಬಟ್ಟೆಯೊಂದನ್ನು ಹಿಡಿದು ಬಾಗಿಲಿಗೇ ಬಂದರು. "ಬೆಳಗ್ನಿಂದ ಮೂರ್ ಸಲ ಉಚ್ಚೆ ಉಯ್ದವ್ಳೆ ನೋಡಿ," ಎಂದು ಅದನ್ನು ನನ್ನ ಕೈಗಿತ್ತರು. ಸೋಡಿಯಂ 146ಕ್ಕೆ ಇಳಿದಿತ್ತು. ಎಂಟನೇ ದಿನ ಮಗು ತಾಯಿಯ ಎದೆಹಾಲು ಚೀಪುತ್ತಾ ಮನೆಗೆ ಹೋಯಿತು.

ಈಗ ಹೊಸ ಫೈಲ್ ತೆರೆದರೆ ಬಾಣಂತನ ಯಾರು ಮಾಡುತ್ತಾರೆಂದು ಮೊದಲು ಕೇಳಿ, ಅವರ ನಂಬರಿಗೆ ನಾನೇ ಫೋನ್ ಮಾಡುತ್ತೇನೆ. "ನಂಗ್ಯಾಕೆ, ಅವ್ರತ್ತೆಗೆ ಏಳಿ" ಎನ್ನುವ ತಾಯಂದಿರೂ ಇದ್ದಾರೆ, ಬಿಡುವುದಿಲ್ಲ. ಹುಡುಗಿಯರ ಬಾಯಿ ಮುಚ್ಚಿಸುವವಳು ಅತ್ತೆ ಎಂದೇ ಇಪ್ಪತ್ತೊಂದು ವರ್ಷ ನಂಬಿದ್ದೆ. ಅತ್ತೆಗೆ ಎದುರಾಡಲು ಹುಡುಗಿಗೆ ಸಿಟ್ಟೊಂದಿದ್ದರೆ ಸಾಕು. ತನ್ನನ್ನು ಹೆತ್ತು, ಈಗ ತನ್ನ ಕಾಲೊತ್ತುತ್ತಾ ಕೂತ ಅವ್ವನಿಗೆ ಎದುರಾಡಲು ಅವಳಲ್ಲಿ ಆ ಸಿಟ್ಟೂ ಇರುವುದಿಲ್ಲ.