ಬೊಗಳದ ಗುಂಡ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಾಯಿ ದೊಡ್ಡದಿದ್ದದ್ದು ಇಬ್ಬರಿಗೆ. ಒಬ್ಬಳು ನಾನು, ಇನ್ನೊಬ್ಬಳು ನಮ್ಮ ನಾಯಿ ಕೆಂಪಿ. ಕೆಂಪಿ ದಾರಿಯಲ್ಲಿ ಹೋಗುವವರನ್ನೆಲ್ಲ ಬೊಗಳಿ ವಿಚಾರಿಸುತ್ತಿದ್ದಳು. ನಾನು ಮನೆಯೊಳಗಿನವರನ್ನೆಲ್ಲ ‘ಯಾಕೆ, ಯಾಕೆ’ ಎಂದು ಪೀಡಿಸುತ್ತಿದ್ದೆ. ಅಜ್ಜಿ ನನಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದಳು.

ಆಗ ನಾವಿದ್ದದ್ದು ಜೋಗುಪಾಳ್ಯದಲ್ಲಿ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮನೆಗಳಿವೆ. ಆಗ ನಮ್ಮ ಹಿತ್ತಲು ದಾಟಿದರೆ ರಾಗಿ ಹೊಲ, ಹುರುಳಿ ಹೊಲ, ನಡುನಡುವೆ ಹುಣಸೆ ಮರ. ಮಕ್ಕಳೇ, ನೀವು ಐಸ್‌ಕ್ರೀಮ್ ತಿನ್ನಲು ಹೋಗುವ ಇಂದಿರಾನಗರದ ರಸ್ತೆ ಇದೆಯಲ್ಲ, ಆ ಕಡೆಯೇ ನಮ್ಮ ಹಸುಗಳು ಮೇಯುತ್ತಿದ್ದವು. ಅಪ್ಪ ಬೆಳಕು ಹರಿಯುವ ಹೊತ್ತಿಗೆ ಹಸುವನ್ನೂ ಕರುವನ್ನೂ ಹಲಸೂರು ಕೆರೆಯಾಚೆಯ ಬಂಗಲೆಗಳಿಗೆ ಹೊಡೆದುಕೊಂಡು ಹೋಗಿ, ಅವರ ಬಾಗಿಲಲ್ಲೇ ಕೂತು ಹಾಲು ಕರೆದುಕೊಟ್ಟು ಬರುತ್ತಿದ್ದ. ನೀರು ಬೆರೆಸಿಲ್ಲವೆಂದು ನೋಡಿಕೊಳ್ಳಲು ಬಂಗಲೆಯ ಬಟ್ಲರ್ ಎದುರಿಗೇ ನಿಂತಿರುತ್ತಿದ್ದನಂತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂಗಲೆಯ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟರು. ಮೇಜು, ಕುರ್ಚಿ, ಪಿಯಾನೋ ಎಲ್ಲ ಮಾರಿದರು. ನಾಯಿಗಳನ್ನು ಮಾರಲು ಮನಸ್ಸು ಬರದೆ ಹಂಚಿದರು. ಹಾಗೆ ಒಬ್ಬ ದೊರೆಸಾನಿ ತನ್ನ ಕಾವಲು ನಾಯಿಯ ಮರಿಯೊಂದನ್ನು ಅಪ್ಪನಿಗೆ ಕೊಟ್ಟಳು. ಅದು ಮಾಸ್ಟಿಫ್ ಜಾತಿಯದು, ಅದರ ತಾಯಿ ಇರುವ ತನಕ ಬಂಗಲೆಗೆ ಒಂದು ಇಲಿಯೂ ಅಪ್ಪಣೆಯಿಲ್ಲದೆ ಬಂದಿಲ್ಲ ಎಂದು ಬಟ್ಲರ್ ಹೇಳಿದನಂತೆ. ಆ ದಿನಗಳಲ್ಲಿ ನಮ್ಮ ಪಾಳ್ಯದಲ್ಲಿ ದನಗಳ್ಳರ ಕಾಟ ಶುರುವಾಗಿತ್ತು. ಪಕ್ಕದ ಕೊಟ್ಟಿಗೆಯ ಕರು ಕಳುವಾಗಿತ್ತು. ಕೆಂಪಿಗೂ ವಯಸ್ಸಾಗುತ್ತಿತ್ತು. ಅಪ್ಪನಿಗೆ ಆ ಮರಿ ದೇವರೇ ಕಳಿಸಿದಂತೆ ಕಂಡಿತು.

ಅಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. ಬಿಚ್ಚಿದರೆ ನಾಯಿಮರಿಯೋ ಕರಡಿಮರಿಯೋ ತಿಳಿಯಲಿಲ್ಲ. ಮೈಯೆಲ್ಲ ಗೋಧಿ ಬಣ್ಣ, ಮೂತಿ ಮಾತ್ರ ಹಂಚಿನ ಮಸಿಯಷ್ಟು ಕಪ್ಪು. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ ಚರ್ಮ ಮೈಗಿಂತ ದೊಡ್ಡದಾಗಿತ್ತು. ಹಣೆ ತುಂಬ ಸುಕ್ಕು. ಈಗ ತಾನೇ ಹುಟ್ಟಿದ್ದಕ್ಕೆ ಇಷ್ಟೊಂದು ಯೋಚನೆ ಯಾಕೆ ಎಂದು ನಾನು ಕೇಳಿದೆ. ಅದರ ಬಾಯಿಂದ ಹಾಲಿನ ವಾಸನೆ, ಕತ್ತಿನಿಂದ ದೊರೆಸಾನಿಯ ಪೌಡರಿನ ವಾಸನೆ ಬರುತ್ತಿತ್ತು. ಗುಂಡಗೆ ಇದ್ದದ್ದರಿಂದ ಗುಂಡ ಎಂದು ಕರೆದೆವು.

ಕೆಂಪಿ ಅವನನ್ನು ಮೂಸಿ, ಪೌಡರಿಗೆ ಸೀನಿ, ಹಲ್ಲು ಕಿರಿದಳು. ನಮ್ಮ ಇನ್ನೊಂದು ನಾಯಿ ಕರಿಯ, ಕೆಂಪಿ ಏನು ಮಾಡಿದರೂ ಅದನ್ನೇ ಮಾಡುವವನು. ಅವನೂ ಹಲ್ಲು ಕಿರಿದ. ಹಾಗಾಗಿ ಗುಂಡನಿಗೆ ಜಗಲಿಯ ಮೇಲೆ ಜಾಗ ಸಿಗಲಿಲ್ಲ. ಕೊಟ್ಟಿಗೆಯಲ್ಲಿ ಎಳೆಗರುವಿನ ಪಕ್ಕ ಹುಲ್ಲಿನ ಮೇಲೆ ಮಲಗಿದ. ಕರು ತನ್ನ ಒರಟು ನಾಲಿಗೆಯಿಂದ ಅವನ ಕಿವಿ ನೆಕ್ಕಿತು. ಅಂದಿನಿಂದ ಅವರಿಬ್ಬರದೂ ಒಂದೇ ಹಾಸಿಗೆ.

ನಮ್ಮ ಮನೆಯಲ್ಲಿ ಅಜ್ಜಿಯದೊಂದು ಕಟ್ಟಳೆ ಇತ್ತು. ಹಿರಿಯರು ತುತ್ತೆತ್ತುವ ಮೊದಲು ಕಿರಿಯರು ತಟ್ಟೆಗೆ ಕೈ ಹಾಕಬಾರದು. ಇದು ನನಗೆ, ಅಕ್ಕನಿಗೆ ಮಾತ್ರವಲ್ಲ, ನಾಯಿಗಳಿಗೂ ಅನ್ವಯಿಸುತ್ತಿತ್ತು. ಹಿತ್ತಲಲ್ಲಿ ಸಾಲಾಗಿ ಕಲ್ಲಿನ ಮರಿಗೆಗಳಿದ್ದವು. ಅಜ್ಜಿ ಮಜ್ಜಿಗೆಯಲ್ಲಿ ಮುದ್ದೆ ಕಲಸಿ ಎಲ್ಲದಕ್ಕೂ ಹಾಕುತ್ತಿದ್ದಳು. ಆದರೆ ಮೊದಲು ಕೆಂಪಿ ಬಾಯಿಡಬೇಕು, ಆಮೇಲೆ ಕರಿಯ, ಕಡೆಗೆ ಗುಂಡ. ಮರಿ ಮುಂದೆ ನುಗ್ಗಿದರೆ ಅಜ್ಜಿ ಅದರ ಮೂಗನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, “ನಿಂಗೇನೋ ಅವಸರ? ದೊಡ್ಡೋಳು ಉಣ್ಲಿ ಇರು” ಎನ್ನುತ್ತಿದ್ದಳು. ಗುಂಡ ಬೇಗ ಕಲಿತ. ಜೊಲ್ಲು ನೆಲ ಮುಟ್ಟುತ್ತಿದ್ದರೂ ಕೆಂಪಿಯ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದ.

ತಿಂಗಳುಗಳು ಕಳೆದು ಗುಂಡ ಕೆಂಪಿಗಿಂತ ಎತ್ತರವಾದ. ಎಲ್ಲ ಬಂತು, ಬೊಗಳು ಮಾತ್ರ ಬರಲಿಲ್ಲ. ಜಟಕಾ ಬಂದರೂ ಸುಮ್ಮನೆ, ಮಿಲಿಟರಿ ಲಾರಿ ಹೋದರೂ ಸುಮ್ಮನೆ. ಕೆಂಪಿ, ಕರಿಯ ಗಂಟಲು ಹರಿಯುವಂತೆ ಬೊಗಳುವಾಗ ಅವನು ಹಣೆ ಸುಕ್ಕಾಗಿಸಿ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಬಾಯಿ ಅಗಲಿಸಿ ಒಳಗೆಲ್ಲ ನೋಡಿದೆ. ನಾಲಿಗೆ ಇತ್ತು, ಕಿರುನಾಲಿಗೆಯೂ ಇದ್ದ ಹಾಗಿತ್ತು. ಗಂಟಲಿಗೆ ಕಿವಿಯಿಟ್ಟು ಕೇಳಿದೆ. ಬೀಸುಕಲ್ಲು ದೂರದಲ್ಲಿ ತಿರುಗಿದಂತೆ ಏನೋ ಗುರುಗುರು ಸದ್ದಿತ್ತು.

ಮಕ್ಕಳಿಗೆ ಬೇಗ ಮಾತು ಬರಲಿ ಎಂದು ನಮ್ಮಲ್ಲಿ ಬಜೆ ಬೇರನ್ನು ತೇದು ನಾಲಿಗೆಗೆ ತಿಕ್ಕುತ್ತಾರೆ. ನಾನೂ ಅಕ್ಕನೂ ಅದನ್ನೇ ಮಾಡಿದೆವು. ಅಕ್ಕ ಗುಂಡನ ತಲೆ ಹಿಡಿದಳು, ನಾನು ತಿಕ್ಕಿದೆ. ಅವನು ಸೀನಿದ, ತಲೆ ಒದರಿದ, ನಮ್ಮಿಬ್ಬರ ಮುಖಕ್ಕೂ ಜೊಲ್ಲು ಸಿಡಿಸಿದ, ಆಮೇಲೆ ಹೋಗಿ ಹಸುವಿಗಿಟ್ಟಿದ್ದ ನೀರನ್ನೆಲ್ಲ ಕುಡಿದ. ಬೊಗಳಲಿಲ್ಲ.

“ಬಜೆ ಮಾತಿಗೆ ಕಣ್ರೇ, ಬೊಗಳೋಕಲ್ಲ” ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಕಡೆ ತಿರುಗಿ, “ನಿಂಗೆ ಒಂಚೂರು ಕಮ್ಮಿ ತಿಕ್ಕಬೇಕಿತ್ತು” ಎಂದಳು.

ಅಪ್ಪನಿಗೆ ನಗು ಬರಲಿಲ್ಲ. ರಾಗಿಯೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು. ಗುಂಡ ಒಬ್ಬನೇ ಇಬ್ಬರ ಮುದ್ದೆ ತಿನ್ನುತ್ತಿದ್ದ. “ಬೊಗಳದ ನಾಯಿ ಕಟ್ಕೊಂಡು ಕೊಟ್ಟಿಗೆ ಕಾಯೋದು ಹೆಂಗೆ? ಹಲಸೂರಿನ ಸೌದೆ ಡಿಪೋ ಸಾಹುಕಾರ್ರು ಕೇಳ್ತಾವ್ರೆ. ನೋಡೋಕಾದ್ರೂ ಭಯ ಆಗೋ ಹಾಗಿದೆ, ಬಾಗಿಲಲ್ಲಿ ಕಟ್ಕೋತೀನಿ ಅಂದ್ರು. ಭಾನುವಾರ ಕೊಟ್ಬಿಡ್ತೀನಿ” ಎಂದ. ನಾನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಕೊಟ್ಟಿಗೆಗೆ ಹೋಗಿ ಗುಂಡನ ಕತ್ತಿಗೆ ಜೋತುಬಿದ್ದು ಅತ್ತೆ. ಅವನು ನನ್ನನ್ನು ಸಮಾಧಾನ ಮಾಡುವುದು ಬಿಟ್ಟು ನನ್ನ ಮೇಲೆ ಕಾಲು ಹಾಕಿಕೊಂಡು ನಿದ್ದೆ ಹೋದ.

ಭಾನುವಾರ ಬೆಳಿಗ್ಗೆ ಸಾಹುಕಾರರು ಬಂದರು. ಬೆಳ್ಳಗಿನ ಪಂಚೆ, ಹೊಸ ಚಪ್ಪಲಿ, ಕೈಯಲ್ಲಿ ಝಣಝಣ ಎನ್ನುವ ಸರಪಳಿ. ಕೆಂಪಿ ಜಗಲಿಯಿಂದ ಹಾರಿ ಬೊಗಳತೊಡಗಿದಳು. ಹಿಂದೆಯೇ ಕರಿಯ. ಅಪ್ಪ ಇನ್ನೂ ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದ. ಸಾಹುಕಾರರು ನಾಯಿಗಳನ್ನು ಲೆಕ್ಕಿಸದೆ, “ಅಡಡಾ, ಎಷ್ಟು ಅಂದವಾಗಿದೆ ಕರು!” ಎನ್ನುತ್ತ ಅದರ ಕತ್ತು ತುರಿಸಲು ಕೊಟ್ಟಿಗೆಯ ಕಡೆ ಹೋದರು.

ಗುಂಡ ಎದ್ದ. ಬೊಗಳಲಿಲ್ಲ, ಗುರ್ರೆನ್ನಲೂ ಇಲ್ಲ. ಹೋಗಿ ಕರುವಿಗೂ ಸಾಹುಕಾರರಿಗೂ ನಡುವೆ ಅಡ್ಡ ನಿಂತ. ಅವರು ಎಡಕ್ಕೆ ಸರಿದರು, ಅವನೂ ಸರಿದ. ಬಲಕ್ಕೆ ಬಂದರು, ಅವನೂ ಬಂದ. ಆಮೇಲೆ ತನ್ನ ಪಕ್ಕೆಯನ್ನು ಅವರ ಮೊಣಕಾಲಿಗೆ ಒತ್ತಿ ಭಾರ ಬಿಟ್ಟ. ಅವರು ಒಂದು ಹೆಜ್ಜೆ ಹಿಂದೆ, ಇವನು ಒಂದು ಹೆಜ್ಜೆ ಮುಂದೆ. ಹಾಗೆ ತಳ್ಳುತ್ತ ತಳ್ಳುತ್ತ ಅವರನ್ನು ತಿಪ್ಪೆಯ ತನಕ ಕರೆದೊಯ್ದ. ಹೊಸ ಚಪ್ಪಲಿ ಸಗಣಿಯಲ್ಲಿ ಹೂತುಹೋಯಿತು. ಆಗ ಗುಂಡ ವಾಪಸು ಬಂದು ಕರುವಿನ ಮುಂದೆ ಕುಳಿತ.

ನಾನು ಚಪ್ಪಾಳೆ ತಟ್ಟಿದೆ. ಆದರೆ ಸಾಹುಕಾರರಿಗೆ ಕೋಪ ಬರಲಿಲ್ಲ, ಅವರ ಮುಖ ಅರಳಿತು! “ಗೌಡ್ರೇ, ನಾನು ಬೆದರುಬೊಂಬೆ ಕೇಳಿದ್ದೆ, ನೀವು ಹುಲಿ ಇಟ್ಟಿದೀರ! ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ, ಇದು ಬೊಗಳದೇ ಇರೋ ನಾಯಿ. ನನ್ನ ಡಿಪೋಗೆ ಇದೇ ಬೇಕು” ಎಂದರು. ಅಪ್ಪ ಒದ್ದೆ ಕೈಯಲ್ಲೇ ನಿಂತು ಗುಂಡನನ್ನು ಹೊಸದಾಗಿ ನೋಡುವಂತೆ ನೋಡಿದ. ಅವನಿಗೂ ಈಗ ಕೊಡಲು ಮನಸ್ಸಿಲ್ಲವೆಂದು ನನಗೆ ಗೊತ್ತಾಯಿತು. ಆದರೆ ಮಾತು ಕೊಟ್ಟಾಗಿತ್ತು. ಸರಪಳಿ ತೆಗೆದುಕೊಳ್ಳಲು ಕೈ ನೀಡಿದ.

ನನ್ನ ತಲೆಯೊಳಗೆ ಹಳೆಯ ‘ಯಾಕೆ’ ಎದ್ದು ಕುಳಿತಿತ್ತು. ಗುಂಡ ಇವತ್ತೇ ಯಾಕೆ ಎದ್ದ? ಪೋಸ್ಟಿನವನು ಬಂದಾಗ ಯಾಕೆ ಏಳುವುದಿಲ್ಲ? ಆಗ ಹೊಳೆಯಿತು. ಪೋಸ್ಟಿನವನಿಗೆ ಕೆಂಪಿ ಮಲಗಿದಲ್ಲಿಂದಲೇ ಸೋಮಾರಿಯಾಗಿ ಒಮ್ಮೆ ‘ವವ್’ ಎನ್ನುತ್ತಿದ್ದಳು. ಗುರುತಿಲ್ಲದವರಿಗೆ ಜಗಲಿಯಿಂದ ಹಾರಿ ಬೊಗಳುತ್ತಿದ್ದಳು. ಹಾಗೆ ಹಾರಿದಾಗಲೆಲ್ಲ ಗುಂಡ ಸದ್ದಿಲ್ಲದೆ ಕರುವಿನ ಮುಂದೆ ಬಂದು ನಿಲ್ಲುತ್ತಿದ್ದ. ನಾವೆಲ್ಲ ಬೊಗಳುವ ಕಡೆ ನೋಡುತ್ತಿದ್ದೆವು. ಅವನ ಕಡೆ ಯಾರು ನೋಡಿದ್ದರು?

“ಅಪ್ಪ, ಅವ್ನು ಕೆಂಪಿ ಹೇಳಿದ್ರೇನೇ ಏಳೋದು! ಅವ್ಳು ಇಲ್ದಿದ್ರೆ ಏನೂ ಮಾಡಲ್ಲ, ಬೇಕಾದ್ರೆ ನೋಡಿ!” ಎಂದು ಕೂಗಿದೆ.

ದೊಡ್ಡವರ ವ್ಯವಹಾರದಲ್ಲಿ ಬಾಯಿ ಹಾಕಿದ್ದಕ್ಕೆ ಅಪ್ಪ ಕಣ್ಣು ಬಿಟ್ಟ. ಸಾಹುಕಾರರು ಮಾತ್ರ, “ಇರಲಿ, ನೋಡೇಬಿಡೋಣ” ಎಂದರು. ಅಕ್ಕ ಕೆಂಪಿಯನ್ನೂ ಕರಿಯನನ್ನೂ ಹಗ್ಗ ಹಾಕಿ ಹೊಲದಾಚೆಯ ಹುಣಸೆ ಮರದ ತನಕ ಎಳೆದುಕೊಂಡು ಹೋದಳು. ಸಾಹುಕಾರರು ಬೀದಿಗೆ ಹೋಗಿ ಮತ್ತೆ ಒಳಗೆ ಬಂದರು. ನೇರವಾಗಿ ಹೋಗಿ ಕರುವಿನ ಹಗ್ಗ ಬಿಚ್ಚಿದರು.

ಗುಂಡನ ಕಿವಿ ನಿಮಿರಿತು. ಎದ್ದು ಅಡ್ಡ ನಿಂತರೆ ಅವನು ಡಿಪೋಗೆ ಹೋದಂತೆಯೇ. ಯಾವ ನಾಯಿಯನ್ನೂ ಯಾರೂ ಎಂದೂ ಕೇಳಿಕೊಂಡಿರದ್ದನ್ನು ನಾನು ಮನಸ್ಸಿನಲ್ಲೇ ಕೇಳಿಕೊಂಡೆ: ಕರುವನ್ನು ಕಾಯಬೇಡ ಕಣೋ ಗುಂಡ, ಇವತ್ತೊಂದು ದಿನ ಕಾಯಬೇಡ. ಅವನು ಖಾಲಿ ಜಗಲಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಗಾಳಿ ಮೂಸಿದ. ಮತ್ತೆ ಜಗಲಿ ನೋಡಿದ. ಸಾಹುಕಾರರು ಕರುವನ್ನು ಅಂಗಳದಲ್ಲಿ ನಡೆಸಿಕೊಂಡು ಹೊರಟರು. ಗುಂಡ ಬಾಲ ಆಡಿಸುತ್ತ ಹಿಂದೆ ಹಿಂದೆ ನಡೆದ, ಮೆರವಣಿಗೆಗೆ ಹೊರಟವನ ಹಾಗೆ.

ಅಷ್ಟರಲ್ಲಿ ಅಕ್ಕನ ಕೈಯಿಂದ ಹಗ್ಗ ಬಿಡಿಸಿಕೊಂಡು ಕೆಂಪಿ ಓಡಿ ಬಂದಳು. ಕರುವಿನ ಹಗ್ಗ ಪರರ ಕೈಯಲ್ಲಿರುವುದನ್ನು ಕಂಡು ಪಾಳ್ಯವೇ ಎದ್ದು ಬರುವಂತೆ ಬೊಗಳಿದಳು. ಬಾಲ ಆಡಿಸುತ್ತಿದ್ದ ಗುಂಡ ತಕ್ಷಣ ಕರುವಿನ ಮುಂದೆ ಬಂದು ಅಡ್ಡ ನಿಂತ. ಸಾಹುಕಾರರು ತಿಪ್ಪೆಯ ಕಡೆ ಒಮ್ಮೆ ನೋಡಿ, ಹಗ್ಗವನ್ನು ತಾವಾಗಿಯೇ ಕೆಳಗೆ ಬಿಟ್ಟರು.

“ನಮ್ಮನೇಲಿ ಹಿರಿಯರು ಬಾಯಿ ತೆರೆಯೋ ಮುಂಚೆ ಕಿರಿಯರು ಏಳಲ್ಲ ಸಾಹುಕಾರ್ರೇ. ಮಕ್ಕಳಿಗೆ ಹೇಳಿಕೊಟ್ಟೆ, ನಾಯಿ ಕಲಿತ್ಕೊಂಡಿದೆ” ಎಂದಳು ಅಜ್ಜಿ, ನನ್ನನ್ನೇ ನೋಡುತ್ತ.

“ಹಾಗಾದ್ರೆ ಎರಡನ್ನೂ ಕೊಟ್ಬಿಡಿ ಅಮ್ಮ.”

“ಕೆಂಪಿ ಬೇಕಾದ್ರೆ ನನ್ನೂ ಕರ್ಕೊಂಡ್ ಹೋಗ್ಬೇಕು. ಹೊತ್ತೊತ್ತಿಗೆ ಮುದ್ದೆ ಹಾಕ್ಬೇಕು, ಬೈದ್ರೆ ಬೈಸ್ಕೋಬೇಕು. ಆಗುತ್ತಾ?”

ಸಾಹುಕಾರರು ಜೋರಾಗಿ ನಕ್ಕುಬಿಟ್ಟರು. ಒಂದು ಚೊಂಬು ಮಜ್ಜಿಗೆ ಕುಡಿದು, ಚಪ್ಪಲಿ ತೊಳೆದುಕೊಂಡು, ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು. ಅಪ್ಪ ಗುಂಡನ ಸುಕ್ಕು ಹಣೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ನನಗೆ ಆವತ್ತು ಬೈಗುಳವೂ ಬೀಳಲಿಲ್ಲ, ಹೊಗಳಿಕೆಯೂ ಸಿಗಲಿಲ್ಲ. ಮುದ್ದೆಗೆ ಮಾತ್ರ ಎರಡು ಸೌಟು ಸಾರು ಹೆಚ್ಚಾಗಿ ಬಿತ್ತು.

ಆಮೇಲೆ ಕೆಂಪಿಗೆ ವಯಸ್ಸಾಯಿತು. ಕಿವಿ ಮಂದವಾಗಿ ಪೋಸ್ಟಿನವನಿಗೂ ಹಾರಿ ಬೊಗಳತೊಡಗಿದಳು. ಬಂದವನು ಪೋಸ್ಟಿನವನೆಂದು ಗುಂಡನಿಗೆ ಗೊತ್ತು. ಆದರೂ ಅವಳ ಮಾನ ಉಳಿಸಲು ಎದ್ದು ಹೋಗಿ ನಿಂತು ಬರುತ್ತಿದ್ದ. ಒಂದು ಮಳೆಗಾಲದಲ್ಲಿ ಕೆಂಪಿ ಸತ್ತಳು. ಹೊಂಗೆ ಮರದ ಕೆಳಗೆ ಮಣ್ಣು ಮಾಡಿದೆವು. ಮಾರನೆಯ ದಿನ ಪೊರಕೆ ಮಾರುವವನೊಬ್ಬ ಅಂಗಳಕ್ಕೆ ಬಂದ. ಯಾರೂ ಬೊಗಳಲಿಲ್ಲ. ಅಂಥ ಮೌನವನ್ನು ನಮ್ಮ ಮನೆ ಕೇಳಿಯೇ ಇರಲಿಲ್ಲ. ಗುಂಡ ಖಾಲಿ ಜಗಲಿಯನ್ನು ನೋಡಿದ, ಕಾದ, ಮತ್ತೆ ನೋಡಿದ. ಆಮೇಲೆ ಎಲ್ಲಿಂದಲೋ, ಬಾವಿಯ ಆಳದಿಂದ ಬಂದಂತೆ, ಅವನ ಬೊಗಳು ಬಂತು. ಅಡುಗೆಮನೆಯಲ್ಲಿ ತಟ್ಟೆ ನಡುಗಿತು. ಕರಿಯ ಎದ್ದು ಅವನ ಹಿಂದೆ ಹೋಗಿ ನಿಂತ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ.

ಈಗ ನಿಮ್ಮ ಫ್ಲಾಟಿನ ಬಾಗಿಲಿಗೆ ಕ್ಯಾಮೆರಾ ಇದೆ, ಕೆಳಗೆ ಗೇಟಿನಲ್ಲಿ ಸೆಕ್ಯುರಿಟಿಯವರಿದ್ದಾರೆ. ನಿಮ್ಮ ನಾಯಿ ಕೋಕೋಗೆ ಡಬ್ಬಿಯಿಂದ ಊಟ, ಮಲಗಲು ದಿಂಬು, ಪಾಠ ಹೇಳಲು ವಾರಕ್ಕೊಮ್ಮೆ ಮೇಷ್ಟ್ರು. ಆದರೂ ಲಿಫ್ಟ್ ಸದ್ದಾದರೆ ಬೊಗಳುತ್ತದೆ, ಕೊರಿಯರ್‌ನವನು ಬಂದರೆ ಬೊಗಳುತ್ತದೆ, ಪಕ್ಕದ ಮನೆಯವರು ದೂರು ಹೇಳುತ್ತಾರೆ, ನೀವು ಅದಕ್ಕೆ ಗದರುತ್ತೀರಿ. ನಾನು ಸೋಫಾದಲ್ಲಿ ಕುಳಿತು ನೋಡುತ್ತಿರುತ್ತೇನೆ ಮಕ್ಕಳೇ. ಬೆಲ್ ಆದ ಕೂಡಲೇ ಕೋಕೋ ಬೊಗಳುವುದಿಲ್ಲ. ಮೊದಲು ತಿರುಗಿ ನಿಮ್ಮ ಮುಖ ನೋಡುತ್ತದೆ. ನೀವು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಇನ್ನೊಂದು ಸಲ ನೋಡುತ್ತದೆ. ಆಮೇಲೆ ಪಾಪ, ಮನೆಯಲ್ಲಿ ಹೇಳುವವರು ಯಾರೂ ಇಲ್ಲವೆಂದು ತಾನೇ ಬೊಗಳುತ್ತದೆ. ನಾಳೆ ಬೆಲ್ ಆದಾಗ ಒಮ್ಮೆ ತಲೆ ಎತ್ತಿ ಅದರ ಕಡೆ ನೋಡಿ.