ಶಾಲೆಯ ಗೇಟಿನಲ್ಲಿ ಹದಿನೇಳರ ಮಗ್ಗಿ

ಗೆಳೆಯರೇ, ಇಲ್ಲಿ ಎಜ್‌ಬಾಸ್ಟನ್ನಿನ ಶಾಲೆಯಲ್ಲಿ ಈಸ್ಟರ್ ರಜೆ ಮುಗಿದು ಇವತ್ತು ಬೇಸಿಗೆ ಟರ್ಮಿನ ಮೊದಲ ದಿನ. ಮೊದಲ ದಿನವೇ ನನ್ನ ಮಗಳ ಮೇಲೆ ಕಾಪಿ ಹೊಡೆದ ಅನುಮಾನ.

ಮಧ್ಯಾಹ್ನ ಕರೆತರಲು ಹೋದವನನ್ನು ಟೀಚರ್ ಗೇಟಿನಲ್ಲೇ ನಿಲ್ಲಿಸಿದರು. "ಗುಣಾಕಾರದ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ಆದರೆ ಲೆಕ್ಕ ಮಾಡಿದ ಗುರುತೇ ಹಾಳೆಯಲ್ಲಿಲ್ಲ. ಪಕ್ಕದವಳದ್ದು ನೋಡಿ ಬರೆದಳೋ ಏನೋ. ಗಣಿತದಲ್ಲಿ ಮುಂದಿರುವವರ ಮೇಲಿನ ಗುಂಪಿಗೆ ಸದ್ಯ ಹಾಕಲಾರೆ."

"ಪಕ್ಕದವಳಿಗೆ ಎಷ್ಟು ಬಂದಿದೆ?" ಎಂದೆ.

ಹಾಳೆ ತಿರುವಿದರು. "ಹನ್ನೊಂದು."

"ಹಾಗಾದರೆ ಉಳಿದ ಒಂಬತ್ತನ್ನು ಎಲ್ಲಿ ನೋಡಿದಳು? ನೀವೇ ಒಂದು ಕೇಳಿ."

ಹದಿನೇಳನ್ನು ಎಂಟರಿಂದ ಗುಣಿಸಿದರೆ ಎಷ್ಟು ಎಂದು ಕೇಳಿದರು. ಒಂಬತ್ತು ವರ್ಷದ ಮೇಘನಾ, ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಕಣ್ಣು ಮುಚ್ಚಿ ಗುನುಗಿದಳು: "ಹದಿನೇಳೆಂಟ್ಲೆ ನೂರಾ ಮೂವತ್ತಾರು." ಆಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಿದಳು. ಟೀಚರ್ ಮೊಬೈಲಿನ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ಇನ್ನೂ ಮೂರು ಕೇಳಿದರು. ಮೂರು ಸಲವೂ ಮೊಬೈಲ್ ಹಿಂದೆ ಬಿತ್ತು.

"ನಾಳೆಯಿಂದ ಮೇಲಿನ ಗುಂಪಿನಲ್ಲೇ ಕೂರಲಿ," ಎಂದರು. "ಅಂದ ಹಾಗೆ, ಅದು ಯಾವ ಹಾಡು?"

"ಮಗ್ಗಿ. ಹುಬ್ಬಳ್ಳಿಯಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿಯಲ್ಲಿ ನಾನು ಕಲಿತದ್ದು. ರಜೆಯಲ್ಲಿ ಕಾರಿನಲ್ಲಿ ಇವಳಿಗೆ ದಾಟಿಸಿದೆ."

ಮನೆಗೆ ಮರಳುವಾಗ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಎದೆಯುಬ್ಬಿಸಿ ಹೇಳಿದೆ, "ಇವತ್ತ ಎಷ್ಟ್ ಚಂದ ಕನ್ನಡ ಮಾತಾಡಿದಿ ನೋಡವ್ವಾ."

"ಅಪ್ಪಾ, ದಟ್ಸ್ ನಾಟ್ ಕನ್ನಡ. ದಟ್ಸ್ ಮ್ಯಾಥ್ಸ್."

ಗೆದ್ದ ದಿನ ವಾದ ಮಾಡಬಾರದು. ಸಿಗ್ನಲ್ ಹಸಿರಾಗುವಷ್ಟರಲ್ಲಿ ಹದಿನೆಂಟರ ಮಗ್ಗಿ ಶುರು ಮಾಡಿದ್ದೆ.